ಮೋಟರ್ ಗೊತ್ತಿತ್ತು, ನೀರು ಗೊತ್ತಿರಲಿಲ್ಲ

ಅರಸೀಕೆರೆ ಕಡೆಯವರಿಗೆ ಮೋಟರ್ ಹೊಸದಲ್ಲ. ತೆಂಗಿನ ತೋಟದಲ್ಲಿ ಬೆಳೆದ ಹುಡುಗರು ಮೀಸೆ ಮೂಡುವ ಮೊದಲೇ ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡಿರುತ್ತಾರೆ. ಬೋರ್‌ವೆಲ್ಲಿನಿಂದ ಮೋಟರ್ ಎತ್ತುವುದು, ರಿವೈಂಡಿಂಗ್ ಅಂಗಡಿಗೆ ಹೊರುವುದು, ಮತ್ತೆ ಇಳಿಸುವುದು ನಮ್ಮಲ್ಲಿ ಬೇಸಿಗೆ ಬಂದರೆ ಇದ್ದದ್ದೇ. ನಮಗೆ ಹೊಸದಾಗಿದ್ದದ್ದು ನೀರು. ಕೆರೆ ತುಂಬಿತು ಅಂದರೆ ಊರಿಗೆ ಊರೇ ಹೋಗಿ ಬಾಗಿನ ಬಿಡುವ ಸೀಮೆ ನಮ್ಮದು.

ಹಾಗಾಗಿ ಬೇಲೂರಿನ ನಂಟರ ಜೊತೆ ಸೇರಿ, ಯಗಚಿ ಹಿನ್ನೀರಿನಲ್ಲಿ ಮೀನಿನ ಬಲೆ ನೋಡಿಕೊಳ್ಳಲು ಒಂದು ಫೈಬರ್ ದೋಣಿಯನ್ನೂ ಐದು ಅಶ್ವಶಕ್ತಿಯ ಹಳೆಯ ಔಟ್‌ಬೋರ್ಡ್ ಮೋಟರನ್ನೂ ತಂದಾಗ, ಇದೇನು ಮಹಾ, ಇನ್ನೊಂದು ಪಂಪ್‌ಸೆಟ್ ತಾನೆ ಎಂದುಕೊಂಡೆ. ನನ್ನ ತಪ್ಪುಗಳೆಲ್ಲ ಆ ಒಂದು ಎಣಿಕೆಯಿಂದ ಹುಟ್ಟಿದವು. ಪಂಪ್‌ಸೆಟ್ ಕೆಟ್ಟರೆ ತೋಟ ಬಾಡುತ್ತದೆ, ಮನುಷ್ಯ ಮನೆಗೆ ನಡೆದು ಬರುತ್ತಾನೆ. ದೋಣಿಯ ಮೋಟರ್ ಕೆಡುವುದು ಕಾಲೂರಲು ನೆಲವಿಲ್ಲದ ಜಾಗದಲ್ಲಿ.

ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟಿ ಹೇಮಾವತಿಯನ್ನು ಸೇರುವ ಯಗಚಿಗೆ ಬೇಲೂರಿನ ಬಳಿ ಅಣೆಕಟ್ಟು ಎದ್ದು ನಿಂತದ್ದು 2001ರಲ್ಲಿ. ಈಗ ಅಲ್ಲಿ ಪ್ರವಾಸಿಗರಿಗಾಗಿ ಸ್ಪೀಡ್ ಬೋಟು, ಜೆಟ್ ಸ್ಕೀ ಎಲ್ಲ ಬಂದಿವೆ. ಹರಿಗೋಲಿನಲ್ಲಿ ಮೀನು ಹಿಡಿಯುವವರು ಕೂಡ ಸಣ್ಣದೊಂದು ಮೋಟರ್ ಇದ್ದರೆ ಚೆನ್ನ ಎನ್ನುವುದನ್ನು ಕೇಳುತ್ತಿದ್ದೇನೆ. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕಡೆಗೆ ತಿರುಗಿಸುವ ಯೋಜನೆ ಇದೆ. ಎತ್ತಿನಹೊಳೆ ಕಾಲುವೆ ನಮ್ಮ ತಾಲ್ಲೂಕಿನ ಮೇಲೇ ಹಾಯುತ್ತದೆ. ನೀರು ಬಂದ ಕಡೆ ದೋಣಿ ಬರುತ್ತದೆ, ದೋಣಿ ಬಂದ ಕಡೆ ಮೋಟರ್ ಬರುತ್ತದೆ. ನನ್ನ ಹಾಗೆ ಒಣಭೂಮಿಯಿಂದ ನೀರಿಗಿಳಿಯುವವರಿಗೆ ಉಪಯೋಗಕ್ಕೆ ಬಂದಾವು ಎಂದು ಕೆಳಗಿನ ಮಾತುಗಳನ್ನು ಬರೆದಿದ್ದೇನೆ. ಇಲ್ಲಿರುವ ಮಾತುಗಳಲ್ಲಿ ಒಳ್ಳೆಯವು ಬಹಳಷ್ಟು ಗಂಗೊಳ್ಳಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹೇಳಿಕೊಟ್ಟವು.

1. ನೀರಿಲ್ಲದ ಕಡೆ ಎಂಜಿನ್ ಚಾಲೂ ಮಾಡಬೇಡಿ.

ಮೋಟರ್ ಮನೆಗೆ ಬಂದ ದಿನ ಅಂಗಳದಲ್ಲಿ ಮರದ ಸ್ಟ್ಯಾಂಡಿಗೆ ಕಚ್ಚಿಸಿ, ನೆರೆಹೊರೆಯವರ ಮುಂದೆ ಹಗ್ಗ ಎಳೆದೆ. ಒಳ್ಳೆಯ ಸದ್ದು ಮಾಡಿತು. ಎಲ್ಲರೂ ಭೇಷ್ ಅಂದರು. ಮರುದಿನ ಹಿನ್ನೀರಿನಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಮುಚ್ಚಳದಿಂದ ಬಣ್ಣ ಬೆಂದ ವಾಸನೆ.

ಔಟ್‌ಬೋರ್ಡ್ ತಣ್ಣಗಿರುವುದು ತಾನು ಓಡುವ ನೀರಿನಿಂದಲೇ. ನೀರಿನಲ್ಲಿ ಮುಳುಗಿರುವ ಕಾಲಿನೊಳಗೆ ಇಂಪೆಲರ್ ಅನ್ನುವ ಸಣ್ಣ ರಬ್ಬರ್ ಚಕ್ರ ಇದೆ. ಅದು ಕೆಳಗಿನಿಂದ ನೀರೆಳೆದು ಎಂಜಿನ್ನಿನ ಸುತ್ತ ಹಾಯಿಸಿ ಹೊರಗೆ ಬಿಡುತ್ತದೆ. ಆ ರಬ್ಬರ್ ಜಾರುವುದಕ್ಕೂ ನೀರೇ ಬೇಕು. ಒಣಗಿದ ಗೂಡಿನಲ್ಲಿ ಒಂದಷ್ಟು ಸೆಕೆಂಡು ತಿರುಗಿದರೂ ಉಜ್ಜಿ, ಬೆಂದು, ಹರಿಯುತ್ತದೆ. ಬಿಚ್ಚಿ ನೋಡಿದಾಗ ನಮ್ಮದರ ಎಸಳುಗಳ ತುದಿ ಕರಿದು ಗಟ್ಟಿಯಾಗಿ ಒಂದೇ ಕಡೆಗೆ ಬಾಗಿದ್ದವು, ಒಂದು ಎಸಳು ಇರಲೇ ಇಲ್ಲ. ಹೊಸ ಇಂಪೆಲರ್ ಹಾಕಿ ಮುಚ್ಚಲು ಹೊರಟವನನ್ನು ಮೆಕ್ಯಾನಿಕ್ ತಡೆದು, ಕಳೆದುಹೋದ ಎಸಳು ಎಲ್ಲಿ ಎಂದು ಕೇಳಿದರು. ಅದು ಮೇಲಿನ ನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು. ಹಾಗೇ ಬಿಟ್ಟಿದ್ದರೆ ಹೊಸ ಇಂಪೆಲರ್ ಇದ್ದೂ ಎಂಜಿನ್ ಸುಡುತ್ತಿತ್ತು.

ನಮ್ಮ ಬೋರ್‌ವೆಲ್ ಸ್ಟಾರ್ಟರಿನಲ್ಲಿ ಡ್ರೈ ರನ್ ಆದರೆ ಮೋಟರ್ ನಿಲ್ಲಿಸುವ ಸಾಧನ ಇರುತ್ತದೆ. ಸಣ್ಣ ಔಟ್‌ಬೋರ್ಡಿನಲ್ಲಿ ಆ ಕೆಲಸ ನಿಮ್ಮ ಕಣ್ಣಿನದು. ಎಂಜಿನ್ ಚಾಲೂ ಆದ ಕೂಡಲೇ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ದಾರಿಯುದ್ದಕ್ಕೂ ಆಗಾಗ ತಿರುಗಿ ಅದನ್ನು ನೋಡುತ್ತಿರಬೇಕು. ಎಳೆ ಸಣ್ಣಗಾದರೆ ಎಂಜಿನ್ ನಿಲ್ಲಿಸಿ, ಕಾಲನ್ನು ಮೇಲೆತ್ತಿ, ನೀರೆಳೆಯುವ ಜಾಲರಿಗೆ ಜೊಂಡು ಅಥವಾ ಪ್ಲಾಸ್ಟಿಕ್ ಕವರ್ ಅಂಟಿದೆಯೇ ನೋಡಿ. ಕೆಲವೊಮ್ಮೆ ಹೊರತೂತಿನಲ್ಲೇ ಕೆಸರು ಕಟ್ಟಿರುತ್ತದೆ. ತೆಳು ತಂತಿ ಹಾಕಿದರೆ ಬಿಡುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡುವುದಿದ್ದರೆ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಜಾಲರಿ ಪೂರ್ತಿ ಮುಳುಗಿಸಿ ಚಾಲೂ ಮಾಡಿ. ಇಂಪೆಲರನ್ನು ಕೆಡುವ ತನಕ ಕಾಯದೆ, ಕಂಪನಿಯ ಪುಸ್ತಕ ಹೇಳಿದ ಅವಧಿಗೆ ಬದಲಾಯಿಸಿ. ಹಿನ್ನೀರಿನ ಹೂಳು ಅದನ್ನು ಬೇಗ ಸವೆಸುತ್ತದೆ.

2. ಕಿಲ್ ಸ್ವಿಚ್ಚಿನ ಹುರಿ ಮೈಗೆ ಸಿಕ್ಕಿಸಿಕೊಂಡ ಮೇಲೆಯೇ ಹಗ್ಗ ಎಳೆಯಿರಿ.

ಕೆಂಪು ಸುರುಳಿ ಹುರಿಯೊಂದು ಮೋಟರಿನ ಜೊತೆ ಬಂದಿತ್ತು. ಒಂದು ತುದಿ ಎಂಜಿನ್ನಿನ ಗುಂಡಿಗೆ, ಇನ್ನೊಂದು ಓಡಿಸುವವನ ಮೈಗೆ. ಆತ ಜಾಗ ತಪ್ಪಿದರೆ ಹುರಿ ಕಿತ್ತು ಎಂಜಿನ್ ನಿಲ್ಲುತ್ತದೆ. ನಾನು ಅದನ್ನು ಎಂಜಿನ್ನಿಗೆ ಸಿಕ್ಕಿಸಿ, ಉಳಿದದ್ದನ್ನು ಹಿಡಿಕೆಗೇ ಸುತ್ತಿಡುತ್ತಿದ್ದೆ. ಬಲೆ ಎಳೆಯುವಾಗ ಅಡ್ಡ ಬರುತ್ತದೆ ಅನ್ನುವುದು ನೆಪ.

ಒಂದು ಸಂಜೆ ದೋಣಿಯ ತಳ ನೀರೊಳಗಿನ ಬೊಡ್ಡೆಗೆ ತಾಗಿ, ಕುಳಿತ ಹಲಗೆಯಿಂದ ಪಕ್ಕಕ್ಕೆ ಬಿದ್ದೆ. ಹಿಡಿಕೆ ಕೈಬಿಟ್ಟಿತು. ಎಂಜಿನ್ ತನ್ನ ಬಲಕ್ಕೆ ತಾನೇ ಹೊರಳಿ, ದೋಣಿ ಗಕ್ಕನೆ ಸುತ್ತು ಹಾಕತೊಡಗಿತು. ಮುಂದೆ ಕುಳಿತಿದ್ದ ನಂಟರ ಅರ್ಧ ಮೈ ದೋಣಿಯ ಆಚೆಗಿತ್ತು. ಅಂಚು ಹಿಡಿದು ಹೇಗೋ ಉಳಿದರು. ಅವರು ನೀರಿಗೆ ಬಿದ್ದಿದ್ದರೆ ಆ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರುತ್ತಿತ್ತು. ಓಡಿಸುವವನಿಲ್ಲದ ಮೋಟರ್ ದೋಣಿಯ ಅಪಾಯವೇ ಅದು: ಬಿಟ್ಟು ದೂರ ಹೋಗದೆ ಸುತ್ತಿ ವಾಪಸ್ ಬರುತ್ತದೆ, ಅದರ ಕೆಳಗೆ ದೋಣಿಯನ್ನು ತಳ್ಳುವ ಫ್ಯಾನು ತಿರುಗುತ್ತಿರುತ್ತದೆ.

2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಊರಿನ ಬಳಿ ಹೀಗೇ ಆಯಿತು. ವೇಗದ ದೋಣಿಯಲ್ಲಿದ್ದ ಇಡೀ ಕುಟುಂಬ ಒಂದು ತಿರುವಿನಲ್ಲಿ ನೀರಿಗೆ ಬಿತ್ತು. ಹುರಿ ಯಾರ ಮೈಗೂ ಕಟ್ಟಿರಲಿಲ್ಲ. ದೋಣಿ ಸುತ್ತುತ್ತಾ ಅವರ ಮೇಲೆಯೇ ಹಾಯ್ದು ತಂದೆಯೂ ಎಂಟು ವರ್ಷದ ಮಗಳೂ ತೀರಿಕೊಂಡರು. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಸಣ್ಣ ಮೋಟರ್ ದೋಣಿಗಳಲ್ಲಿ ಈ ಹುರಿಯನ್ನು ಬಳಸುವುದು ಕಾನೂನೇ ಆಗಿದೆ. ನಮಗೆ ಕಾನೂನು ಹೇಳಲಿ ಬಿಡಲಿ, ಹುರಿಯನ್ನು ಮಂಡಿಯ ಮೇಲ್ಭಾಗಕ್ಕೆ ಅಥವಾ ಲೈಫ್ ಜಾಕೆಟ್ಟಿನ ಗಟ್ಟಿ ಪಟ್ಟಿಗೆ ಸಿಕ್ಕಿಸಿಕೊಳ್ಳಿ; ಅಂಗಿಯ ಗುಂಡಿಗಲ್ಲ. ಪ್ರತಿ ಸಲ ದಡ ಬಿಡುವ ಮುನ್ನ ಎಂಜಿನ್ ಓಡುವಾಗ ಹುರಿ ಕಿತ್ತು, ನಿಜವಾಗಿ ನಿಲ್ಲುತ್ತದೆಯೇ ನೋಡಿ. ಇನ್ನೊಂದು ಹುರಿಯನ್ನು ದೋಣಿಯಲ್ಲೇ ಇಡಿ. ಓಡಿಸುವವನು ಬಿದ್ದರೆ ಹುರಿ ಅವನ ಜೊತೆಗೇ ಹೋಗುತ್ತದೆ. ಅವನನ್ನು ಎತ್ತಿಕೊಳ್ಳಲು ಹೋಗಬೇಕಾದವರಿಗೆ ಎಂಜಿನ್ ಚಾಲೂ ಆಗಬೇಕಲ್ಲ?

3. ಮೊದಲು ನ್ಯೂಟ್ರಲ್, ಆಮೇಲೆ ಹಗ್ಗ.

ಗೇರಿನಲ್ಲಿದ್ದಾಗ ಚಾಲೂ ಆಗದಂತೆ ತಡೆ ಇರುತ್ತದೆ. ಹಳೆಯ ಮೋಟರುಗಳಲ್ಲಿ ಅದು ಸವೆದಿರಬಹುದು, ನಂಬಬೇಡಿ. ಹಗ್ಗ ಎಳೆಯುವ ಮುಂಚೆ ಮೊಣಕೈ ಹೋಗುವ ಜಾಗದಲ್ಲಿ ಯಾರೂ ಇಲ್ಲವೆಂದು ತಿರುಗಿ ನೋಡಿ. ನೀರಿನಲ್ಲಿ ಮನುಷ್ಯರಿದ್ದರೆ ನ್ಯೂಟ್ರಲ್ ಸಾಲದು, ಎಂಜಿನ್ ಪೂರ್ತಿ ಆರಿಸಿ. ನ್ಯೂಟ್ರಲ್ಲಿನಲ್ಲೂ ಫ್ಯಾನು ಮೆಲ್ಲಗೆ ಸುತ್ತುವ ಮೋಟರುಗಳಿವೆ.

4. ಎಣ್ಣೆಯನ್ನು ಅಳೆದು ಹಾಕಿ.

ಟೂ ಸ್ಟ್ರೋಕ್ ಮೋಟರಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಯಬೇಕು. ನಮ್ಮದಕ್ಕೆ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. ಹೊಸ ಎಂಜಿನ್ ಪಳಗುವ ತನಕ ಹೆಚ್ಚು ಬೇಕಾಗುತ್ತದೆ. ಪ್ರತಿ ಮೋಟರಿನ ಪುಸ್ತಕದಲ್ಲೂ ಅದರದರ ಲೆಕ್ಕ ಇದೆ. ಕಮ್ಮಿಯಾದರೆ ಪಿಸ್ಟನ್ ಕಚ್ಚುತ್ತದೆ. ಜಾಸ್ತಿಯಾದರೆ ಹೊಗೆ, ಮಸಿ ಹಿಡಿದ ಪ್ಲಗ್ಗು, ನಡುನೀರಿನಲ್ಲಿ ಮುನಿಸು. ಔಷಧಿ ಸಿಂಪಡಿಸುವವರ ಅಳತೆ ಲೋಟ ಒಂದಿದ್ದರೆ ಸಾಕು, ಕಣ್ಣಳತೆ ಬಿಡಿ. ಹಾಗೆಯೇ ಸ್ಕೂಟರಿಗೆ ಹಾಕುವ 2ಟಿ ಎಣ್ಣೆ ಇದಕ್ಕಲ್ಲ. ಅದು ಗಾಳಿಯಿಂದ ತಣಿಯುವ ಬಿಸಿ ಎಂಜಿನ್ನಿಗೆ ಮಾಡಿದ್ದು. ನೀರಿನಿಂದ ತಣಿಯುವ ಎಂಜಿನ್ನಿಗೆ ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ ಎಣ್ಣೆಯೇ ಬೇಕು.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡ 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೆಚ್ಚು ಹೀರಿದರೆ ಎಥೆನಾಲೂ ನೀರೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತವೆ, ಎಂಜಿನ್ ಮೊದಲು ಎಳೆದುಕೊಳ್ಳುವುದು ಅದನ್ನೇ. ಮಳೆಗಾಲದಲ್ಲಿ ಮೂಲೆಗಿಟ್ಟ ಅರ್ಧ ಟ್ಯಾಂಕ್ ಪೆಟ್ರೋಲನ್ನು ದೀಪಾವಳಿಗೆ ಹಾಗೇ ಬಳಸಲು ಹೋಗಿ, ಕಾರ್ಬ್ಯುರೇಟರಿನ ಸಣ್ಣ ಜೆಟ್ಟು ಹಸಿರುಗಟ್ಟಿದ ಅಂಟಿನಿಂದ ಮುಚ್ಚಿದ್ದನ್ನು ನೋಡಿದೆ. ಬೇಕಾದಷ್ಟೇ ಬೆರೆಸಿ, ಬೇಗ ಮುಗಿಸಿ. ದಡಕ್ಕೆ ಬಂದ ಮೇಲೆ ಪೆಟ್ರೋಲ್ ಪೈಪ್ ಕಳಚಿ, ಎಂಜಿನ್ ನೀರಿನಲ್ಲಿರುವಾಗಲೇ ತಾನಾಗಿ ನಿಲ್ಲುವ ತನಕ ಓಡಲು ಬಿಟ್ಟರೆ ಕಾರ್ಬ್ಯುರೇಟರ್ ಬಹುಪಾಲು ಖಾಲಿಯಾಗುತ್ತದೆ. ಕರಾವಳಿಯ ನಾಡದೋಣಿಯವರು ಸೀಮೆಎಣ್ಣೆಯ ಮೋಟರನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಕಾರ್ಬ್ಯುರೇಟರ್ ತೊಳೆಸುತ್ತಾರೆ. ಆ ಶಿಸ್ತನ್ನು ಕಂಡರೆ ನನಗೆ ಗೌರವ.

5. ಟ್ಯಾಂಕನ್ನು ನೆಲದ ಮೇಲಿಟ್ಟು ತುಂಬಿಸಿ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯೊಳಗೆ ತುಂಬಿಸಿದರೆ ಆವಿ ತಳದಲ್ಲಿ ತಂಗುತ್ತದೆ, ಆಮೇಲೆ ಒಂದು ಕಿಡಿ ಸಾಕು. ಟ್ಯಾಂಕನ್ನು ದಡಕ್ಕೆ ಇಳಿಸಿ, ಬೀಡಿ ಸೇದುವವರನ್ನು ದೂರ ಕಳಿಸಿ, ತುಂಬಿಸಿ ಒರೆಸಿ ಒಳಗಿಡಿ. ಮುಚ್ಚಳದ ಮೇಲಿನ ಗಾಳಿ ತಿರುಪನ್ನು ಹೊರಡುವಾಗ ಸಡಿಲಿಸಲು ಮರೆಯಬೇಡಿ. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಸ್ವಲ್ಪ ದೂರ ಹೋಗಿ ಉಸಿರು ಕಟ್ಟಿ ನಿಂತರೆ ಮೊದಲು ನೋಡಬೇಕಾದ್ದು ಆ ತಿರುಪನ್ನು.

6. ಮುರಿಯಲೆಂದೇ ಮಾಡಿದ ಪಿನ್ನನ್ನು ಮುರಿಯಲು ಬಿಡಿ.

ಸಣ್ಣ ಮೋಟರುಗಳಲ್ಲಿ ಫ್ಯಾನನ್ನು ಅದರ ಶಾಫ್ಟಿಗೆ ಹಿಡಿದಿಡುವುದು ಶಿಯರ್ ಪಿನ್ ಎಂಬ ಮೆತ್ತನೆ ಲೋಹದ ಕಡ್ಡಿ. ಫ್ಯಾನು ಕಲ್ಲಿಗೋ ಮರಕ್ಕೋ ಬಡಿದರೆ ಕಡ್ಡಿ ತುಂಡಾಗಿ ಗೇರು ಉಳಿಯುತ್ತದೆ. ಹಿನ್ನೀರು ಅಂದರೆ ಮುಳುಗಿದ ಹೊಲ, ಮುಳುಗಿದ ಬದು, ಮುಳುಗಿದ ಮರ. ಚಳಿಗಾಲದಲ್ಲಿ ನಿರಾತಂಕವಾಗಿ ಹಾದ ದಾರಿಯಲ್ಲೇ ಬೇಸಿಗೆಯಲ್ಲಿ ನೀರಿಳಿದಾಗ ಬೊಡ್ಡೆ ಒಂದು ಗೇಣು ಕೆಳಗೆ ಕಾಯುತ್ತಿರುತ್ತದೆ.

ನಮ್ಮ ಪಿನ್ನು ಮುರಿದ ದಿನ ಬದಲಿ ಪಿನ್ನು ಜೊತೆಗಿರಲಿಲ್ಲ. ಹುಟ್ಟು ಹಾಕಿ ದಡಕ್ಕೆ ಬಂದು, ಕಬ್ಬಿಣದ ಮೊಳೆಯೊಂದನ್ನು ಅಳತೆಗೆ ಕತ್ತರಿಸಿ ತೂರಿಸಿದೆ. ಪಂಪ್‌ಸೆಟ್ಟಿನ ಫ್ಯೂಸಿಗೆ ದಪ್ಪ ತಂತಿ ಸುತ್ತಿ ಕೆಲಸ ಸಾಗಿಸುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು, ಇಲ್ಲೂ ಅದನ್ನೇ ಮಾಡಿದೆ. ಮೊಳೆ ಬಹಳ ಗಟ್ಟಿಯಾಗಿ ನಿಂತಿತು. ಮುಂದಿನ ಸಲ ಬೊಡ್ಡೆಗೆ ಬಡಿದಾಗ ಮೊಳೆಯ ಬದಲು ಒಳಗಿನ ಗೇರಿನ ಹಲ್ಲು ಹೋಯಿತು. ಆ ಭಾಗ ತರಿಸಲು ಬಹಳ ದಿನ ಹಿಡಿಯಿತು, ಖರ್ಚು ಪಿನ್ನಿನ ಬೆಲೆಯ ಎಷ್ಟೋ ಪಟ್ಟು. ಅಷ್ಟು ದಿನವೂ ನಂಟರು ಹರಿಗೋಲಿನಲ್ಲಿ ಬಲೆ ನೋಡಿದರು. ನನ್ನ ಅವಸರಕ್ಕೆ ಅವರ ತೋಳು ನೊಂದದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಈಗ ಮುಚ್ಚಳದೊಳಗೆ ಒಂದು ಚಿಕ್ಕ ಡಬ್ಬಿ ಇರುತ್ತದೆ: ಕಂಪನಿಯ ಶಿಯರ್ ಪಿನ್ನು, ಅದರ ಸೀಳುಪಿನ್ನು, ಒಂದು ಹೊಸ ಪ್ಲಗ್ಗು, ಪ್ಲಗ್ ಬಿಚ್ಚುವ ಸ್ಪ್ಯಾನರು, ಇಕ್ಕಳ, ಬಿಡಿ ಸ್ಟಾರ್ಟರ್ ಹಗ್ಗ. ದೊಡ್ಡ ಮೋಟರುಗಳಲ್ಲಿ ಪಿನ್ನಿನ ಜಾಗದಲ್ಲಿ ಫ್ಯಾನಿನ ನಡುವೆ ರಬ್ಬರ್ ಬುಷ್ ಇರುತ್ತದೆ. ಎಂಜಿನ್ ಜೋರಾಗಿ ಕೂಗುತ್ತಿದ್ದರೂ ದೋಣಿ ಮುಂದೆ ಹೋಗದಿದ್ದರೆ ಆ ಬುಷ್ ಜಾರಿದೆ ಎಂದು ತಿಳಿಯಿರಿ. ನಿಧಾನವಾಗಿ ಓಡಿಸಿದರೆ ದಡ ಸೇರಬಹುದು.

7. ಗೇರ್ ಎಣ್ಣೆಯ ಬಣ್ಣ ನೋಡಿ.

ಕಟ್ಲಾ, ರೋಹು, ಜಿಲೇಬಿ ಮೀನಿಗೆ ಬಿಟ್ಟ ಬೀಡುಬಲೆಯ ತುಂಡುಗಳು ಹಿನ್ನೀರಿನಲ್ಲಿ ಎಲ್ಲೆಂದರಲ್ಲಿ ತೇಲುತ್ತಿರುತ್ತವೆ. ಆ ನೈಲಾನ್ ಎಳೆ ಫ್ಯಾನಿಗೆ ಸುತ್ತಿಕೊಂಡರೆ ಕಣ್ಣಿಗೆ ಕಾಣುತ್ತದೆ, ಕತ್ತರಿಸಿ ತೆಗೆಯುತ್ತೇವೆ. ಕಾಣದಿರುವುದು ಫ್ಯಾನಿನ ಹಿಂದೆ ಶಾಫ್ಟಿನ ಬುಡಕ್ಕೆ ಸುತ್ತಿಕೊಂಡದ್ದು. ಅದು ತಿರುಗಿ ತಿರುಗಿ ಬಿಸಿಯಾಗಿ ಅಲ್ಲಿನ ರಬ್ಬರ್ ಸೀಲನ್ನು ಕೊಯ್ಯುತ್ತದೆ, ಅಲ್ಲಿಂದ ನೀರು ಗೇರಿಗೆ ಇಳಿಯುತ್ತದೆ. ಹಾಗಾಗಿ ಆಗಾಗ ಫ್ಯಾನನ್ನು ಪೂರ್ತಿ ಕಳಚಿ ಹಿಂದೆ ನೋಡಬೇಕು. ಕಳಚುವ ಮುಂಚೆ ಪ್ಲಗ್ಗಿನ ವೈರ್ ತೆಗೆದಿಡಿ. ಫ್ಯಾನು ಕೈಯಲ್ಲಿ ತಿರುಗಿಸುವಾಗ ಎಂಜಿನ್ ಚಾಲೂ ಆಗುವ ಅವಕಾಶವನ್ನೇ ಕೊಡಬಾರದು.

ಗೇರ್ ಎಣ್ಣೆ ಬದಲಿಸುವಾಗ ಕೆಳಗಿನ ತಿರುಪು ಬಿಚ್ಚಿ, ಆಮೇಲೆ ಮೇಲಿನದನ್ನು ಬಿಚ್ಚಿ. ಇಳಿದ ಎಣ್ಣೆ ಪಾರದರ್ಶಕವಾಗಿದ್ದರೆ ಸರಿ. ಬಿಳಿಚಿಕೊಂಡು ಮಂದವಾಗಿದ್ದರೆ ನೀರು ಸೇರಿದೆ, ಸೀಲು ಹೋಗಿದೆ. ಹೊಸ ಎಣ್ಣೆಯನ್ನು ತುಂಬಿಸಬೇಕಾದ್ದು ಕೆಳಗಿನ ತೂತಿನಿಂದ, ಮೇಲಿನ ತೂತಿನಿಂದ ಉಕ್ಕುವ ತನಕ. ಮೇಲಿನಿಂದ ಹೊಯ್ದರೆ ಒಳಗೆ ಗಾಳಿ ಸಿಕ್ಕಿ, ತುಂಬಿದಂತೆ ಕಂಡರೂ ಅರ್ಧ ಖಾಲಿ ಉಳಿಯುತ್ತದೆ. ತುಂಬಿದ ಮೇಲೆ ಮೊದಲು ಮೇಲಿನ ತಿರುಪು ಮುಚ್ಚಿ, ಆಮೇಲೆ ಕೆಳಗಿನದು. ತಿರುಪಿನ ವಾಷರ್ ಪ್ರತಿ ಸಲ ಹೊಸದಿರಲಿ.

8. ಕಚ್ಚು ತಿರುಪುಗಳ ಜೊತೆಗೆ ಒಂದು ಸರಪಳಿ.

ಮೋಟರನ್ನು ಹಿಂಬದಿ ಹಲಗೆಗೆ ಹಿಡಿದಿರುವ ಎರಡು ತಿರುಪು ಅದುರಿ ಅದುರಿ ಸಡಿಲವಾಗುತ್ತವೆ. ದಡ ಬಿಡುವಾಗ ಒಮ್ಮೆ, ದಾರಿಯಲ್ಲಿ ಒಮ್ಮೆ ಬಿಗಿ ಮಾಡಿ. ಸರಪಳಿಯನ್ನು ದೋಣಿಯ ಗಟ್ಟಿ ಬಳೆಗೆ ಹಾಕಿ.

9. ಟ್ಯಾಂಕಿನಲ್ಲಿ ಮೂರನೇ ಒಂದು ಪಾಲು ಮುಟ್ಟಬೇಡಿ, ಹುಟ್ಟು ಮರೆಯಬೇಡಿ.

ಹೋಗಲು ಒಂದು ಪಾಲು, ಬರಲು ಒಂದು, ಮೂರನೆಯದು ಗಾಳಿಗೆ. ಸಮುದ್ರದವರ ಈ ಲೆಕ್ಕ ನಮ್ಮ ಸಣ್ಣ ನೀರಿಗೆ ಯಾಕೆ ಎಂದುಕೊಂಡಿದ್ದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳಲ್ಲಿ ಬೇಲೂರಿನ ಮೇಲೆ ಮೋಡ ಕಟ್ಟಿ ಗಾಳಿ ಎದ್ದರೆ, ಬೆಳಿಗ್ಗೆ ಅಲುಗದೆ ಮಲಗಿದ್ದ ಹಿನ್ನೀರು ಹೊತ್ತು ಮುಳುಗುವುದರೊಳಗೆ ದೋಣಿಯೊಳಗೆ ನೀರು ಚೆಲ್ಲುವಷ್ಟು ಏಳುತ್ತದೆ. ಎದುರು ಗಾಳಿಯಲ್ಲಿ ಬರುವ ದಾರಿಗೆ ಹೋದ ದಾರಿಗಿಂತ ಎಷ್ಟೋ ಹೆಚ್ಚು ಪೆಟ್ರೋಲ್ ಬೇಕು. ಒಂದು ದಿನ ಅಂಥ ಗಾಳಿಯಲ್ಲಿ ಎಂಜಿನ್ ಒಣಗಿ ನಿಂತಿತು. ಹುಟ್ಟುಗಳನ್ನು ತೋಟದ ಮನೆಯಲ್ಲೇ ಬಿಟ್ಟು ಬಂದಿದ್ದೆ, ಮೋಟರ್ ಇದೆಯಲ್ಲ ಎಂದು. ಗಾಳಿ ನಮ್ಮನ್ನು ಆಚೆ ದಡದ ಮುಳ್ಳಿನ ಪೊದೆಗೆ ತಳ್ಳಿ ಬಿಟ್ಟಿತು. ಅಣೆಕಟ್ಟಿನ ತೂಬಿನ ಕಡೆಗೆ ತಳ್ಳಬಹುದಿತ್ತು.

ಗುಡುಗಿನ ಸದ್ದು ಕೇಳಿದ ಕೂಡಲೇ ಬಲೆ ಅಲ್ಲೇ ಬಿಟ್ಟು ಹತ್ತಿರದ ದಡಕ್ಕೆ ಹೊರಡಿ. ಅಲೆ ಎದ್ದರೆ ವೇಗ ಇಳಿಸಿ, ಮೂತಿಯನ್ನು ಅಲೆಗೆ ಸ್ವಲ್ಪ ಓರೆಯಾಗಿ ಇಟ್ಟು ಬನ್ನಿ, ಎಲ್ಲರೂ ತಳದಲ್ಲಿ ಕೂರಲಿ. ಪಕ್ಕ ಕೊಟ್ಟರೆ ದೋಣಿ ಮಗುಚುತ್ತದೆ. ನೀರು ಮೊಗೆಯಲು ಒಂದು ಬಕೆಟ್ಟು, ಒಂದು ಸೀಟಿ, ಟಾರ್ಚು, ಲಂಗರಿಗೆ ಹಗ್ಗ ಕಟ್ಟಿದ ಭಾರ, ಇವಿಷ್ಟಿಲ್ಲದೆ ನಾನು ಈಗ ದಡ ಬಿಡುವುದಿಲ್ಲ.

10. ಇನ್ನೊಬ್ಬರನ್ನು ಹತ್ತಿಸಿಕೊಳ್ಳಬೇಡಿ.

ಹೇಳಲು ಎಲ್ಲಕ್ಕಿಂತ ಕಷ್ಟವಾಗುವ ಮಾತಿದು. ಹಬ್ಬಕ್ಕೆ ಬಂದ ನಂಟರು, ಅವರ ಮಕ್ಕಳು, ಒಂದು ಸುತ್ತು ಹಾಕಿಸಿ ಎನ್ನುತ್ತಾರೆ. ಮೋಟರ್ ಎಳೆಯುತ್ತದೆ, ದೋಣಿ ತೇಲುತ್ತದೆ, ಇನ್ನೊಬ್ಬರಿಗೆ ಜಾಗವೂ ಕಾಣುತ್ತದೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು. ಅದರಲ್ಲಿ ಮಿತಿಮೀರಿ ಜನ ಹತ್ತಿದ್ದರು. ದೇವರ ದರ್ಶನ ಮಾಡಿ ಮನೆಗೆ ಹೊರಟಿದ್ದ ಕುಟುಂಬಗಳು ಅವು. ಆ ಸುದ್ದಿ ಓದಿದ ಮೇಲೆ ನಮ್ಮ ದೋಣಿಯ ಒಳಬದಿಯಲ್ಲಿ ಎಷ್ಟು ಜನ ಎಂಬುದನ್ನು ಬಣ್ಣದಲ್ಲಿ ಬರೆಸಿದೆವು. ಇಲ್ಲ ಅನ್ನಲು ನಾಲಿಗೆ ಏಳದಾಗ ಬೆರಳು ತೋರಿಸಿದರಾಯಿತು.

ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು, ಪಟ್ಟಿ ಬಿಗಿದಿರಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದ್ದನ್ನು ಹಾಕಿದರೆ ಮಗು ನೀರಿನಲ್ಲಿ ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಈಜು ಬರುತ್ತದೆ ಎಂದು ಜಾಕೆಟ್ ಬೇಡ ಅನ್ನುವವರನ್ನು ದಡದಲ್ಲೇ ಬಿಡಿ. ಇನ್ನು ಅನುಮತಿಯ ವಿಷಯ. 1917ರ ಹಳೆಯ ಕಾನೂನಿನ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ, ಜಲಾಶಯದ ನೀರು ನೀರಾವರಿ ನಿಗಮದ ಸುಪರ್ದಿನಲ್ಲಿದೆ. ಮೋಟರ್ ಕೊಳ್ಳುವ ಮೊದಲೇ ಕೇಳಿಕೊಂಡು ಬನ್ನಿ.

11. ಮೋಟರ್ ಮುಳುಗಿದರೆ ಬಿಸಿಲಿಗೆ ಇಡಬೇಡಿ.

ಸರಪಳಿ ಹಾಕದ ಮೋಟರ್ ನೀರಿಗೆ ಬೀಳುವುದುಂಟು. ಮೇಲೆತ್ತಿದವರು ಮಾಡುವ ಮೊದಲ ಕೆಲಸ ಒಣಗಲಿ ಎಂದು ಬಿಸಿಲಿಗಿಡುವುದು. ಒದ್ದೆ ಬೇರಿಂಗಿಗೆ ಗಾಳಿ ತಾಗಿದ ಗಳಿಗೆಯಿಂದಲೇ ತುಕ್ಕು ಶುರುವಾಗುತ್ತದೆ. ಮುಳುಗಿದ್ದಾಗ ಎಂಜಿನ್ ಓಡುತ್ತಿದ್ದರೆ ಅಥವಾ ಒಳಗೆ ಮರಳು ಹೋಗಿದ್ದರೆ ಹಗ್ಗ ಎಳೆಯಲೇ ಬೇಡಿ, ಬಿಚ್ಚಬೇಕಾದೀತು. ಇಲ್ಲದಿದ್ದರೆ ಶುದ್ಧ ನೀರಿನಲ್ಲಿ ತೊಳೆದು, ಪ್ಲಗ್ ತೆಗೆದು, ಅದರ ತೂತು ಕೆಳಮುಖವಾಗುವಂತೆ ಮಲಗಿಸಿ, ಹಗ್ಗವನ್ನು ಮೆಲ್ಲಗೆ ಎಳೆದು ನೀರು ಬಸಿಯಿರಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ಕಾರ್ಬ್ಯುರೇಟರ್ ಖಾಲಿ ಮಾಡಿ, ಪ್ಲಗ್ ತೂತಿಗೂ ಕಾರ್ಬ್ಯುರೇಟರಿನ ಬಾಯಿಗೂ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು, ಹೊಸ ಪೆಟ್ರೋಲು, ಒಣ ಪ್ಲಗ್ಗು ಹಾಕಿ, ಡ್ರಮ್ಮಿನ ನೀರಿನಲ್ಲಿ ನಿಲ್ಲಿಸಿ ಅದೇ ದಿನ ಚಾಲೂ ಮಾಡಿ, ಚೆನ್ನಾಗಿ ಕಾಯುವ ತನಕ ಓಡಿಸಿ. ಮೆಕ್ಯಾನಿಕ್ ಬರುವುದು ನಾಳೆ ಅಂತಾದರೆ ಅಲ್ಲಿಯ ತನಕ ಮೋಟರನ್ನು ಶುದ್ಧ ನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಯೇ ಇಡಿ. ಗಂಗೊಳ್ಳಿಯ ಮೆಕ್ಯಾನಿಕ್ ಇದನ್ನು ಹೇಳಿದಾಗ ನಾನು ನಂಬಿರಲಿಲ್ಲ. ಒಳಗೆ ಗಾಳಿ ಆಡದಿದ್ದರೆ ತುಕ್ಕು ಬೇಗ ಹಿಡಿಯುವುದಿಲ್ಲ ಎಂದು ವಿವರಿಸಿ, ಹಾಗೆ ಇಟ್ಟಿದ್ದ ಒಂದು ಮೋಟರನ್ನು ಬಿಚ್ಚಿ ಬೇರಿಂಗ್ ತೋರಿಸಿದರು.